ಮೂರು ಒಲೆಯ ಚಿಕ್ಕತಾಯಮ್ಮ

ಬನ್ನಿ, ಹತ್ರ ಕೂತ್ಕೊಳ್ಳಿ. ಊರಿನ ಹೆಸರು ಕೇಳಬೇಡಿ, ನಂಗೂ ಗೊತ್ತಿಲ್ಲ. ದಾರಿ ಕೇಳಬೇಡಿ, ಆ ಕಡೆ ಹಾರೋ ಕಾಗೆಗೂ ಗೊತ್ತಿಲ್ಲ. ಆದ್ರೆ ಆ ಊರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬ ಮುದುಕಿ ಇದ್ದಿದ್ದು ಮಾತ್ರ ಖಂಡಿತ. ಅವಳಿಗೆ ಮೂರು ಜನ ಗಂಡುಮಕ್ಕಳು, ಮೂರು ಜನ ಸೊಸೇರು. ದೊಡ್ಡೋಳು ದೇವೀರಿ, ನಡುವಿನೋಳು ಕೆಂಪಾಜಿ, ಕಿರಿಯೋಳು ಚೆಲುವಿ.

ಒಂದಿನ ಏನಾಯ್ತು? ಸಾರಿಗೆ ದೇವೀರಿ ಉಪ್ಪು ಹಾಕಿದ್ಲು. ಗೊತ್ತಿಲ್ದೆ ಕೆಂಪಾಜಿನೂ ಹಾಕಿದ್ಲು. ನೋಡ್ದೆ ಚೆಲುವಿನೂ ಹಾಕಿದ್ಲು. ಉಂಡೋರು ರಾತ್ರಿಯೆಲ್ಲ ನೀರು ಕುಡಿದ್ರು. "ನೀನು ಹಾಕಿದ್ದು", "ನಾನಲ್ಲ, ನೀನು" ಅಂತ ಜಗಳ ಹತ್ತಿ ಮಾರನೇ ದಿನವೇ ಒಲೆ ಬೇರೆ ಆಯ್ತು. ಮನೆ ಒಂದೇ, ಅಡುಗೆಮನೆ ಒಂದೇ, ಒಲೆ ಮಾತ್ರ ಮೂರು! ಹೊಗೆ ಅಂದ್ರೆ ಹೊಗೆ. ಗೋಡೆ ಮೇಲಿನ ಹಲ್ಲಿನೂ ಕೆಮ್ತಿತ್ತು.

ಪಾಪ, ಮುದುಕಿ ಪಾಡು ಕೇಳಿ. ದೇವೀರಿ ಅಂದ್ಕೊಳ್ಳೋಳು, "ಅತ್ತೆ ಕೆಂಪಾಜಿ ಹತ್ರ ಉಂಡಿರ್ತಾರೆ." ಕೆಂಪಾಜಿ ಅಂದ್ಕೊಳ್ಳೋಳು, "ಚೆಲುವಿ ಬಡಿಸಿರ್ತಾಳೆ." ಚೆಲುವಿ ಅಂದ್ಕೊಳ್ಳೋಳು, "ದೊಡ್ಡೋಳು ಇದಾಳಲ್ಲ." ಮೂರು ಒಲೆ ಉರಿಯೋ ಮನೇಲಿ ಮುದುಕಿ ಹೊಟ್ಟೆ ಖಾಲಿ!

ಹೊಟ್ಟೇದು ಹಾಗಿರ್ಲಿ, ಸೌದೇದು ಅದಕ್ಕಿಂತ ದೊಡ್ಡ ಸಂಕಟ. ಗೌರಿ ಹಬ್ಬದ ತನಕ ಬರಬೇಕಾದ ಸೌದೆ ಆಷಾಢದಲ್ಲೇ ಮೊಣಕಾಲುದ್ದಕ್ಕೆ ಇಳಿದುಹೋಯ್ತು. ಹೊರಗೆ ಜಡಿಮಳೆ. ಕಾಡಲ್ಲಿ ಒಂದು ಒಣಕಡ್ಡಿ ಇಲ್ಲ. ಇದ್ದದ್ದೂ ಮುಗಿದ್ರೆ ಏಳು ಜನನೂ ಹಸಿ ಹಿಟ್ಟು ಮುಕ್ಕಬೇಕು. ಚಿಕ್ಕತಾಯಮ್ಮ ಸೊಸೇರಿಗೆ "ಒಂದಾಗ್ರೇ" ಅಂದ್ರೆ ಕೇಳ್ತಾರಾ? ಎಲ್ಲಿ ಕೇಳ್ತಾರೆ!

ಮೂವರನ್ನೂ ಕರೆದು ಅಂದ್ಲು, "ನೋಡ್ರೇ, ಉಗ್ರಾಣದ ಬೀಗದ ಕೈ ಹೊತ್ತು ನಂಗೆ ಸಾಕಾಗಿದೆ. ಎರಡು ದಿನ ಅಭ್ಯಾಸ ಮಾಡ್ಕೊಳ್ಳಿ. ಮೂರನೇ ದಿನ ಎಣಿಸ್ತೀನಿ. ಯಾರು ಕಮ್ಮಿ ಸೌದೇಲಿ ಅಡುಗೆ ಮಾಡ್ತಾರೋ ಅವಳ ಸೊಂಟಕ್ಕೆ ಈ ಬೀಗದ ಕೈ."

ಬೀಗದ ಕೈ ಅಂದಿದ್ದೇ ತಡ, ಮೂವರ ಕಣ್ಣೂ ದೀಪ ಆದ್ವು.

ಮೊದಲನೇ ದಿನ. ದೇವೀರಿ ಹುರುಳಿಕಾಳು ಹಿಂದಿನ ದಿನವೇ ನೆನೆಹಾಕಿದ್ಲು. ನಾಲ್ಕೇ ಕಟ್ಟಿಗೇಲಿ ಬೆಣ್ಣೆ ಹಂಗೆ ಬೆಂತು. ಕೆಂಪಾಜಿ ತನ್ನ ಮಡಕೆಗೆ ಮುಚ್ಚಳದ ಬದಲು ನೀರಿನ ಚೊಂಬು ಇಟ್ಲು. ಕೆಳಗೆ ಸಾರು ಕುದೀತು, ಮೇಲೆ ನೀರು ಕಾಯ್ತು. ಚೆಲುವಿ ಏನು ಮಾಡಿದ್ಲು? ಕಡ್ಡಿನೇ ಮುಟ್ಟಲಿಲ್ಲ! ದೇವೀರಿ ದನಕ್ಕೆ ಹುಲ್ಲು ಹಾಕೋಕೆ ಹೋದಾಗ ಅವಳ ಒಲೆ ಕೆಂಡದ ಮೇಲೆ ತನ್ನ ಮಡಕೆ ಇಟ್ಟು, ಬೇಯಿಸ್ಕೊಂಡು, ಸೆರಗಲ್ಲಿ ಮುಚ್ಕೊಂಡು ಬಂದ್ಲು.

ಎರಡನೇ ದಿನ ದೇವೀರಿ ಕೊಟ್ಟಿಗೆಯಿಂದ ಬಂದು ನೋಡ್ತಾಳೆ, ತನ್ನ ಒಲೆ ಮೇಲೆ ಕೆಂಪಾಜಿ ಮಡಕೆ, ಅದರ ತಲೆ ಮೇಲೆ ಚೆಲುವಿ ಮಡಕೆ!

"ಏನ್ರೇ ಇದು? ನನ್ನ ಒಲೆ ಏನು ಛತ್ರವಾ?"

"ಅಕ್ಕಾ, ನೀನು ಇಳಿಸ್ಕೊಂಡು ಹೋದ್ಮೇಲೆ ಕೆಂಡ ಸುಮ್ನೆ ಬೂದಿ ಆಗ್ತಿತ್ತು" ಅಂದ್ಲು ಚೆಲುವಿ.

"ಆಗ್ಲಿ ಬಿಡೇ, ನನ್ನ ಕೆಂಡ, ನನ್ನ ಬೂದಿ!"

ದೇವೀರಿ ಅಷ್ಟು ಹೊತ್ತು ಕೂಗಾಡಿದ್ಲಲ್ಲ, ಒಳಗೆ ಏನು ಲೆಕ್ಕ ಹಾಕಿದ್ಲು ಗೊತ್ತಾ? "ನಾಳೆ ನಾನು ಹಚ್ಚೋದೇ ಇಲ್ಲ. ಅವರು ಹಚ್ಚಲಿ. ಕೆಂಡ ನಂದು."

ಅದೇ ಲೆಕ್ಕ ಕೆಂಪಾಜೀದು. ಅದೇ ಲೆಕ್ಕ ಚೆಲುವೀದು.

ಮೂರನೇ ದಿನ ಬೆಳಗಾಯ್ತು. ಕಾಳು ನೆನೆದಿದೆ, ಹಿಟ್ಟು ಜರಡಿ ಆಗಿದೆ, ನೀರು ತುಂಬಿದೆ. ಮೂರು ಬಾಗಿಲ ಹಿಂದೆ ಮೂರು ಸೊಸೇರು ಮಡಕೆ ಹಿಡ್ಕೊಂಡು ಇಣುಕ್ತಾ ನಿಂತವ್ರೆ. ಯಾರು ಹಚ್ತಾರೆ? ಯಾರೂ ಇಲ್ಲ. ಹೊತ್ತು ನೆತ್ತಿಗೆ ಬಂತು. ಹಲ್ಲಿಗೂ ಅನುಮಾನ ಬಂತು, ಇವತ್ತು ಏನು ಕೆಮ್ಮೇ ಇಲ್ವಲ್ಲ ಅಂತ.

ಗದ್ದೆಯಿಂದ ಗಂಡುಮಕ್ಕಳು ಬಂದ್ರು. ಮೊಣಕಾಲ ತನಕ ಕೆಸರು, ಬೆನ್ನಿಗಂಟಿದ ಹೊಟ್ಟೆ.

"ಊಟ ಎಲ್ಲೇ?" ಅಂದ ದೊಡ್ಡೋನು.

"ತಡೀರಿ, ಉರಿ ಬರ್ಲಿ" ಅಂದ್ಲು ದೇವೀರಿ.

"ಎಲ್ಲಿಂದ ಬರಬೇಕು? ನೆಂಟರ ಊರಿಂದಲಾ?"

ಚಿಕ್ಕತಾಯಮ್ಮ ಇದೆಲ್ಲ ನೋಡ್ತಾ ಕೂತಿದ್ಲು. ಬೆಳಗಿಂದ ಅವಳ ಬಾಯಿಗೂ ಒಂದು ತುತ್ತು ಬಿದ್ದಿಲ್ಲ. ಮಕ್ಕಳ ಬಾಡಿದ ಮುಖ ನೋಡಿ ಅಯ್ಯೋ ಅನ್ನಿಸ್ತು, ಸೊಸೇರ ಮುಖ ನೋಡಿ ರೇಗಿಹೋಯ್ತು. ಎದ್ಲು. ಕೈಲಿದ್ದ ಊರುಗೋಲು ದೊಡ್ಡ ಮಗನ ಮುಂದೆ ಹಿಡಿದ್ಲು.

"ಮುರಿಯೋ!"

"ಅವ್ವಾ, ನಡೆಯೋದು ಹೆಂಗೆ?"

"ಮುರಿ ಅಂದ್ರೆ ಮುರಿ!"

ಗಟ್ಟಿ ಜಾಲಿ ಕೋಲು. ಅವನು ಲಟಕ್ ಅಂತ ಮೂರು ತುಂಡು ಮಾಡಿದ. ಮುದುಕಿ ನಡುವಿನ ಒಲೆಗೆ ತುರುಕಿ, ಹಿಡಿ ಹುಲ್ಲಲ್ಲಿ ಕಿಡಿ ಹತ್ತಿಸಿ ಊದಿದ್ಲು. ಭಗ್ ಅಂತು.

"ಕೋಲು ನಂದು, ಉರಿ ನಂದು. ತನ್ನಿ ಏನೇನಿದೆಯೋ!"

ಓಡ್ಬಂದ್ರು ನೋಡಿ ಮೂವರೂ! ದೇವೀರಿ ನೆನೆಸಿದ ಕಾಳು ಒಲೆಗೇರಿತು. ಅದರ ಮೇಲೆ ಕೆಂಪಾಜಿ ನೀರು. ಕಾಳು ಬೇಯೋ ಹೊತ್ತಿಗೆ ನೀರು ಕಾದಿತ್ತು, ಆ ನೀರೇ ಮುದ್ದೆಗೆ ಎಸರಾಯ್ತು. ಕೊನೆಗೆ ಉಳಿದ ಕೆಂಡದ ಮೇಲೆ ಚೆಲುವಿ ಹಿಟ್ಟು ತಿರುವಿ ಮುದ್ದೆ ಕಟ್ಟಿದ್ಲು. ಒಂದು ಊರುಗೋಲಲ್ಲಿ ಏಳು ಜನರ ಅಡುಗೆ! ಉಪ್ಪು? ಮೂವರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಯಾರೂ ಹಾಕಿರಲಿಲ್ಲ. ಎಲೆ ತುದಿಗೆ ಹಾಕ್ಕೊಂಡು ಉಂಡ್ರು.

"ಅತ್ತೆ, ಬೀಗದ ಕೈ ಯಾರಿಗೆ?" ಅಂತ ಮೆಲ್ಲಗೆ ಕೇಳಿದ್ಲು ಚೆಲುವಿ.

"ಇವತ್ತು ನೀವು ಮೂವರೂ ಒಂದು ಕಡ್ಡಿ ಸುಟ್ಟಿಲ್ಲ, ಮೂವರೂ ಗೆದ್ರಿ. ಒಂದೇ ಬೀಗದ ಕೈ, ಒಲೆ ಪಕ್ಕದ ಮೊಳೆಗೆ ಹಾಕಿ. ಸೋತೋಳು ನಾನು. ಸುಟ್ಟಿದ್ದೂ ನಾನೇ, ಈಗ ಏಳೋಕಾಗದೆ ಕೂತಿರೋಳೂ ನಾನೇ."

ಹಂಗಂದು ಕೈ ಮುಂದೆ ಚಾಚಿದ್ಲು. ಮೂವರೂ ದಡಬಡ ಎದ್ರು. ದೇವೀರಿ ಬಲಗೈ ಹಿಡಿದ್ಲು, ಕೆಂಪಾಜಿ ಎಡಗೈ ಹಿಡಿದ್ಲು. ಚೆಲುವಿಗೆ ಕೈ ಉಳೀಲಿಲ್ಲ.

"ನಂಗೆಲ್ಲಿ? ನಾಳೆ ಬಲಗೈ ನಂದು!" ಅಂತ ತೆಗೆದ್ಲು ಜಗಳ.

ಮುದುಕಿ ನಕ್ಕೂ ನಕ್ಕೂ ಕಣ್ಣೊರೆಸ್ಕೊಂಡ್ಲು. ಅವತ್ತಿಂದ ಆ ಮನೇಲಿ ಜಗಳ ಮೂರಿದ್ರೂ ಒಲೆ ಒಂದೇ.

ಅವರು ಉಂಡು ಅಲ್ಲಿ ಮಲಗಿದ್ರು, ನಾನು ಹೇಳಿ ಇಲ್ಲಿ ನಿಲ್ಲಿಸ್ದೆ. ಯಾರಾದ್ರೂ ಒಲೆ ಮೇಲೆ ಹಾಲಿಟ್ಟು ಬಂದಿದ್ರೆ, ಕೂತಿದ್ದು ಸಾಕು, ಓಡಿ!