ಇನ್ನೊಂದು ಸಲ

ಒಂದು ಊರು ಅಂದುಕೊಳ್ಳಿ, ತಾಯಂದಿರೇ. ಅಲ್ಲಿ ಅಕ್ಕಿ ಗಿರಣಿಯ ಸಾಹುಕಾರನೊಬ್ಬ. ಕೈ ದೊಡ್ಡದು. ಮದುವೆಗೆ ಅಕ್ಕಿ ಬೇಕೆ? ಕೊಡುತ್ತಿದ್ದ. ಆದರೆ ನೋಡಿ, ಒಂದೇ ಸಲ. ಅದೇ ಮನುಷ್ಯ ಮತ್ತೆ ಬಂದು ನಿಂತರೆ, "ಆಗಲೇ ಕೊಟ್ಟಾಯ್ತಲ್ಲಪ್ಪಾ" ಅಂತ ಮುಖ ತಿರುಗಿಸುತ್ತಿದ್ದ.

ಅವನಿಗೆ ರಕ್ತದ ಕ್ಯಾನ್ಸರ್ ಬಂತು. ಸುಲಭಕ್ಕೆ ಬಗ್ಗುವಂಥದ್ದಲ್ಲ. ಕೀಮೋ ಕೊಟ್ಟರೂ ಹೋಗಲಿಲ್ಲ. ಡಾಕ್ಟರಮ್ಮ ಹೇಳಿದರು: "ಇನ್ನೊಮ್ಮೆ ಕೀಮೋ ಕೊಡ್ತೀವಿ. ಅದರ ಬೆನ್ನಿಗೇ ನಿಮ್ಮ ಅಕ್ಕನ ರಕ್ತದಿಂದ ತೆಗೆದ ಜೀವಕೋಶ ಹಾಕ್ತೀವಿ. ಎರಡೂ ಸೇರಿ ರೋಗ ತಗ್ಗಿಸಿದರೆ ಆಮೇಲೆ ಮೂಳೆ ಮಜ್ಜೆಯ ಕಸಿ. ಕಸಿಗೆ ಅಕ್ಕ ಮತ್ತೊಮ್ಮೆ ಜೀವಕೋಶ ಕೊಡಬೇಕು."

ಮತ್ತೊಮ್ಮೆ! ಆ ಮಾತನ್ನು ಸಾಹುಕಾರ ತನ್ನಲ್ಲೇ ಮುಚ್ಚಿಟ್ಟುಕೊಂಡ. ಅಕ್ಕನಿಗೆ ಹೇಳಿದ್ದು ಇಷ್ಟೇ: "ಒಂದೇ ಸಲ ಕಣಕ್ಕಾ."

ಅಕ್ಕ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ರಜೆ ಹಾಕಿ ಬಂದಳು, ಎರಡೂ ತೋಳಿಗೆ ಸೂಜಿ ಚುಚ್ಚಿಸಿಕೊಂಡು ತಾಸುಗಟ್ಟಲೆ ಮಲಗಿದಳು. ಕೆಲವು ವಾರ ಕಳೆದು ರಿಪೋರ್ಟ್ ಬಂತು. ರೋಗ ತಗ್ಗಿತ್ತು! ಎಲ್ಲರಿಗೂ ಖುಷಿ. ಇವನೊಬ್ಬ ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದ.

"ಏನೋ, ಒಳ್ಳೆ ಸುದ್ದಿ ಬಂದ ದಿನ ಮುಖ ಹೀಗೆ ಊದಿಸ್ಕೊಂಡಿದ್ದೀಯ?" ಅಕ್ಕ ಕೇಳಿದಳು.

"ಏನಿಲ್ಲ."

"ಏನಿಲ್ಲದವನು ಗಂಜಿ ಯಾಕೆ ಮುಟ್ಟಿಲ್ಲ?"

ಹೊದಿಕೆ ಎಳೆದುಕೊಂಡ. ಆಮೇಲೆ ಗೋಡೆಗೇ ಹೇಳಿದ ಹಾಗೆ, "ಅಕ್ಕಾ, ಇನ್ನೊಂದು ಸಲ ಕೊಡ್ತೀಯಾ?" ಅಂದ.

ಅಕ್ಕ ಮಾಸ್ಕಿನೊಳಗೇ ನಕ್ಕಳು. "ಪೆದ್ದ! ಡಾಕ್ಟರಮ್ಮ ಮೊದಲ ದಿನವೇ ಎಲ್ಲಾ ಹೇಳಿ ಸಹಿ ಹಾಕಿಸ್ಕೊಂಡಿದ್ದಾರೆ. ನಿನ್ನ ಬಾಯಿಂದ ಯಾವಾಗ ಬರುತ್ತೋ ಅಂತ ಕಾಯ್ತಿದ್ದೆ. ಮಕ್ಕಳು ಇನ್ನೊಂದು ಸೌಟು ಸಾರು ಕೇಳಿದರೆ, ಆಗಲೇ ಬಡಿಸಿದೆನಲ್ಲ ಅಂತೀನೇನೋ ನಾನು?"

ಸಾಹುಕಾರ ಅತ್ತ. ಅಳುತ್ತಲೇ ಗಂಜಿ ಕುಡಿದ.

ಕಸಿ ಆಯಿತು. ಪೂರ್ತಿ ಗುಣವಾಯಿತೇ ಅಂತ ಕೇಳುತ್ತೀರಿ. ಡಾಕ್ಟರಮ್ಮ ಇನ್ನೂ ಮಾತು ಕೊಟ್ಟಿಲ್ಲ. ಪರೀಕ್ಷೆಗೆ ಹೋಗಿ ಬರುತ್ತಿದ್ದಾನೆ, ಜೊತೆಗೆ ಅಕ್ಕ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಕಾಯಿಲೆಯವರ ಮನೆಗೆ ಹೋದಿರಿ, ಬಾಳೆಹಣ್ಣು ಇಟ್ಟಿರಿ, ಬಂದಿರಿ. ಒಳ್ಳೆಯದು. ಮತ್ತೆ ಹೋದಿರಾ? ಕಾಯಿಲೆ ಮರುದಿನವೂ ಅಲ್ಲೇ ಇತ್ತಲ್ಲಾ, ತಾಯಂದಿರೇ? ಮಲಗಿದವರಿಗೆ ಮೊದಲ ಸಲ ಕೇಳುವುದೇ ಕಷ್ಟ. ಎರಡನೇ ಸಲಕ್ಕೆ ನಾಲಿಗೆಯೇ ಏಳುವುದಿಲ್ಲ. ಅವರು ಕೇಳುವ ತನಕ ಕಾಯಬೇಡಿ. ನಾಳೆ ಬೆಳಿಗ್ಗೆ ಅದೇ ಮನೆಗೆ ಹೋಗಿ. ಬಾಗಿಲು ತೆರೆದವರು "ಮತ್ತೆ ಬಂದಿರಾ?" ಅಂತಾರೆ. ಹೌದು, ಮತ್ತೆ ಬಂದೆ ಅನ್ನಿ.