ಆರನೆಯ ಕೈ

ಒಟ್ಟಾವಾ ನಗರದ ಬಸ್ಸು ಹಿಮದಲ್ಲಿ ಸಿಕ್ಕಿಕೊಂಡು ಇಪ್ಪತ್ತು ನಿಮಿಷವಾಗಿತ್ತು. ಆಸ್ಪತ್ರೆಯ ಪಾಳಿ ಮುಗಿಸಿ ಬಂದಿದ್ದ ವರ್ನಾ ಕಣ್ಣು ಮುಚ್ಚಿದರೂ ಮುಂದಿನ ಸೀಟಿನ ಮಾತಿನಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಅಲ್ಲಿ ಎಂಬತ್ತು ದಾಟಿದ ಹೆಂಗಸೊಬ್ಬರು, ಪಕ್ಕದಲ್ಲಿ ರಾಷ್ಟ್ರೀಯ ಮ್ಯೂಸಿಯಂನ ಗುರುತುಚೀಟಿ ಕೊರಳಿಗೆ ಹಾಕಿಕೊಂಡ ಗಂಡಸು.

“ನನ್ನ ಅವಧಿ ಮುಗಿದು ನಾಲ್ಕು ವರ್ಷ ಆಯ್ತು, ಕೀತ್. ಬೇರೆಯವರನ್ನ ಹಾಕಿ ಅಂತ ಮಂತ್ರಿಗೆ ಎಷ್ಟು ಸಲ ಬರೀಲಿ?”

“ಅವರು ಹಾಕೋವರೆಗೂ ಮ್ಯೂಸಿಯಂಗೆ ನೀವೇ ಟ್ರಸ್ಟಿ, ಮೇಡಂ.”

“ಅದಕ್ಕೇ ರಾಜೀನಾಮೆ ಕೊಟ್ಟಿದ್ದು. ನಮ್ಮೂರು ರಿಮೂಸ್ಕೀಲಿ ನನ್ನ ತಂಗಿ ಹಾಸಿಗೆ ಹಿಡಿದಿದಾಳೆ, ನಾನು ಮನೆಗೆ ಹೋಗ್ಬೇಕು.”

“ಅದನ್ನ ಒಪ್ಪೋಕೆ ಸಭೆ ಸೇರಬೇಕಲ್ಲ. ಸಭೆ ನಡೆಯೋಕೆ ಕೋರಂ ಅಂತ ಕನಿಷ್ಠ ಆರು ಟ್ರಸ್ಟಿಗಳು ಬೇಕು. ಉಳಿದಿರೋದೇ ಆರು, ನಿಮ್ಮನ್ನೂ ಸೇರಿಸಿ.”

“ಸರಿ, ಬಂದು ನಾನೇ ಕೈ ಎತ್ತುತೀನಿ.”

“ನಿಮ್ಮ ವಿಷಯ ಬಂದಾಗ ನೀವು ಆಚೆ ಹೋಗ್ಬೇಕು, ಮೇಡಂ. ಆಗ ಉಳಿಯೋದು ಐದೇ ಜನ, ಕೋರಂ ಇಲ್ಲ.”

ಆಕೆ ಕಿಟಕಿಯ ಮಬ್ಬನ್ನು ಕೈಗವಸಿನಿಂದ ಒರೆಸಿದರು. ಹೊರಗೂ ಬರೀ ಬಿಳುಪೇ.

“ಗುರುವಾರದ ಸಭೆಗೆ ನಾನು ಬರದೇ ಇದ್ರೆ?”

“ಕ್ರೀ ಬುಡಕಟ್ಟಿನ ಹಿರಿಯರು ನಮ್ಮಲ್ಲಿರೋ ಅವರ ಅಜ್ಜಂದಿರ ಡೋಲು ತಗೊಂಡು ಹೋಗೋಕೆ ಅಷ್ಟು ದೂರದಿಂದ ಬರ್ತಿದಾರೆ. ಸಭೆ ಒಪ್ಪದಿದ್ರೆ ಅದು ವಾಪಸ್ ಗೋದಾಮಿಗೇ.”

“ಹೋದ ಸಲ ದೋಣಿ ವಾಪಸ್ ಕೊಡ್ಬೇಕು ಅಂದೆ. ಈ ಸಲ ಡೋಲು.”

ಬಸ್ಸು ಒಮ್ಮೆ ಜಗ್ಗಿ, ಹೊರಟು, ಮುಂದಿನ ನಿಲ್ದಾಣದಲ್ಲಿ ನಿಂತಿತು. ಇಬ್ಬರೂ ಎದ್ದರು. ವರ್ನಾ ಕಾಲು ಸರಿಸಿ ದಾರಿ ಬಿಟ್ಟಳು.

“ಎಷ್ಟು ಗಂಟೆಗೆ?” ಬಾಗಿಲ ಬಳಿ ಆಕೆ ಕೇಳಿದರು.

“ಹತ್ತಕ್ಕೆ, ಮೇಡಂ.”

“ಬರ್ತೀನಿ ಬಿಡು. ನಾನು ಸೇರದಿದ್ರೂ ಡೋಲಾದ್ರೂ ಮನೆ ಸೇರ್ಲಿ.”