ಅಣ್ಣನ ಮತ, ಯಜಮಾನರ ಬೆರಳು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಊಟಕ್ಕೆ ಮೊದಲು ಇದೊಂದೇ ಭಾಷಣ ಎಂಬ ಭರವಸೆಯ ಮೇಲೆ ಕುಳಿತಿರುವ ಸಭಿಕರೇ,

ನಮ್ಮ ವಾಚನಾಲಯದ ಈ ವಾರ್ಷಿಕೋತ್ಸವದಲ್ಲಿ ‘ಪ್ರಗತಿಪರರೂ ಸಂಪ್ರದಾಯವಾದಿಗಳೂ ಒಂದಾಗುವುದು ಎಲ್ಲಿ?’ ಎಂಬ ವಿಷಯದ ಮೇಲೆ ಮಾತನಾಡಬೇಕಿದ್ದವರು ನನ್ನ ಅಣ್ಣ ಮತ್ತು ನನ್ನ ಯಜಮಾನರು. ಕಾರ್ಯದರ್ಶಿಗಳು ಇಬ್ಬರನ್ನೂ ಕರೆದರು. ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ: “ಅವನೂ ಬರ್ತಾನಾ?” ಬರುತ್ತಾರೆ ಎಂದಾಗ ಇಬ್ಬರೂ ಒಲ್ಲೆ ಎಂದರು. ಹೀಗೆ ಒಮ್ಮತ ಏರ್ಪಟ್ಟು ನಾನು ನಿಮ್ಮ ಮುಂದೆ ನಿಂತಿದ್ದೇನೆ.

ಅಣ್ಣ ಸಂಪ್ರದಾಯಸ್ಥ. ಬಾಗಿಲಿಗೆ ಹೊಸ ಬೀಗ ಹಾಕಿಸಲೂ ಹಿಂದೆ ಮುಂದೆ ನೋಡುವವನು. ಯಜಮಾನರು ಪ್ರಗತಿಪರರು. ಹಳೆಯದೇನು ಕಂಡರೂ ಗುಜರಿಗೆ ಹಾಕುವವರು. ನನ್ನನ್ನು ಮಾತ್ರ ಹೇಗೋ ಉಳಿಸಿಕೊಂಡಿದ್ದಾರೆ. ಭಾನುವಾರ ಬಂತೆಂದರೆ ನಮ್ಮ ಊಟದ ಮೇಜಿಗೆ ಇಬ್ಬರೂ ಎದುರುಬದುರು. ಊಟ ಆರುತ್ತಿತ್ತು, ವಾದ ಆರುತ್ತಿರಲಿಲ್ಲ. ನನ್ನ ಅಭಿಪ್ರಾಯವನ್ನು ಯಾರಾದರೂ ಕೇಳಿದರೇ? ಕೇಳಿದರು. “ಇನ್ನೊಂದು ಸ್ವಲ್ಪ ಉಪ್ಪು ಇದೆಯಾ?” ಎಂದು.

ಅಂಥ ಅಣ್ಣನಿಗೆ ಹೋದ ವರ್ಷ ಪಾರ್ಶ್ವವಾಯು ಬಡಿಯಿತು. ಬಲಗೈ ಸೋತಿತು, ಮಾತು ನಿಂತಿತು. “ದಿನಾ ಯಾರಾದ್ರೂ ಹತ್ರ ಕೂತು ಏನಾದ್ರೂ ಓದಿ ಹೇಳಿ, ಮಾತು ವಾಪಸ್ ಬರಬಹುದು” ಎಂದರು ಆಸ್ಪತ್ರೆಯ ವೈದ್ಯೆ. ಯಜಮಾನರು ತಾವೇ ಹೊರಟರು. ಮೊದಲು ತಮ್ಮ ಮೆಚ್ಚಿನ ಪ್ರಗತಿಪರ ಪತ್ರಿಕೆಯನ್ನು ಓದಿದರು. ಎದ್ದು ಹೋಗಲಾಗದ ಕೇಳುಗ ಅವರಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿದ.

“ಅವನ ಪತ್ರಿಕೆ ಓದ್ರೀ” ಎಂದೆ. ಓದಿದರು, ರೋಗಿಯ ಕಹಿ ಔಷಧಿಯನ್ನು ತಾವೇ ಕುಡಿಯುತ್ತಿರುವವರ ಹಾಗೆ ಮುಖ ಮಾಡಿಕೊಂಡು. ಕೆಲವು ವಾರ ಕಳೆದ ಮೇಲೆ ತಡೆಯಲಾಗದೆ, ಸಂಪಾದಕೀಯದ ನಡುವೆ ತಮ್ಮದೇ ಒಂದು ವಾಕ್ಯ ಸೇರಿಸಿ ಓದಿಬಿಟ್ಟರು.

ಅಣ್ಣನ ತುಟಿ ಅಲುಗಿತು. “ಸು... ಸುಳ್ಳು!”

ಯಜಮಾನರು ವಾರ್ಡಿನಿಂದ ಹೊರಗೆ ಓಡಿಬಂದು, ಬೆಂಚಿನ ಮೇಲೆ ಕುಳಿತಿದ್ದ ನನ್ನ ಭುಜ ಹಿಡಿದು, “ಲೇ, ನಾನು ಹೇಳಿದ್ದು ಸುಳ್ಳು ಅಂದ ಕಣೇ ನಿಮ್ಮಣ್ಣ!” ಎಂದು ಗಳಗಳನೆ ಅತ್ತರು. ಅವರು ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನನ್ನ ಆಪರೇಷನ್ ದಿನವೂ ನೋಡಿರಲಿಲ್ಲ. ಇರಲಿ, ಅದು ಇಂದಿನ ವಿಷಯವಲ್ಲ.

ಅಲ್ಲಿಂದ ಸುಳ್ಳು ಸೇರಿಸಿ ಓದುವುದೇ ಚಿಕಿತ್ಸೆಯಾಯಿತು. ಅಣ್ಣ ‘ಸುಳ್ಳು’ ದಾಟಿ ‘ಮೂರ್ಖ’ಕ್ಕೆ ಬಂದ, ಆಮೇಲೆ ಇಡೀ ವಾಕ್ಯಗಳಿಗೆ. ವೈದ್ಯೆ ಇದನ್ನು ಪ್ರಗತಿ ಎಂದರು. ಆ ಪದ ಅವನಿಗೆ ಹಿಡಿಸಲಿಲ್ಲ.

ಅಷ್ಟರಲ್ಲಿ ಚುನಾವಣೆ ಬಂತು. “ನೀವಿಬ್ರೂ ಮನೇಲೇ ಇದ್ದುಬಿಡಿ, ಅಲ್ಲಿಗಲ್ಲಿಗೆ ಸರಿಹೋಗುತ್ತೆ” ಎಂದೆ. ಯಜಮಾನರು ರೇಗಿದರು. “ಅವನ ಮತ ಯಾಕೆ ಹಾಳಾಗ್ಬೇಕು?” ಗಾಲಿಕುರ್ಚಿ ತಳ್ಳಿಕೊಂಡು ಅವರೇ ಹೊರಟರು, ಹಿಂದೆ ನಾನು.

ಮತಗಟ್ಟೆಯಲ್ಲಿ ಅಣ್ಣನ ಎಡಗೈಗೂ ಪೆನ್ನು ಹಿಡಿಯಲಾಗದ್ದನ್ನು ಕಂಡ ಅಧಿಕಾರಿ, “ನಿಮ್ಮ ಪರವಾಗಿ ಗುಂಡಿ ಒತ್ತೋರು ಯಾರು?” ಎಂದು ಕೇಳಿದರು. ನಾನು ಕನ್ನಡಕ ಸರಿಮಾಡಿಕೊಂಡು ಮುಂದೆ ಬಂದೆ. ಒಡಹುಟ್ಟಿದವಳು ನಾನಲ್ಲವೇ? ಅಣ್ಣ ತಲೆ ಅಡ್ಡಡ್ಡ ಆಡಿಸಿ, ಎಡಗೈಯಿಂದ ಯಜಮಾನರನ್ನು ತೋರಿಸಿದ. “ಇವನು.”

“ನಂಬಿಕಸ್ತರಾ?”

“ಮೂರ್ಖ. ಆದ್ರೆ ಹೇಳಿದ್ದನ್ನೇ ಒತ್ತುತ್ತಾನೆ.”

ಇಬ್ಬರೂ ಮರೆಯ ಹಿಂದೆ ಹೋದರು. ಸಾಲಿನಲ್ಲಿದ್ದವರು ಗೊಣಗತೊಡಗಿದರು. ಆಮೇಲೆ ಗುಂಡಿಯ ಸದ್ದು. ಹೊರಬಂದಾಗ ಅಣ್ಣ ನಗುತ್ತಿದ್ದ, ಯಜಮಾನರ ಮುಖ ಬಿಳಿಚಿಕೊಂಡಿತ್ತು. ಜೀವಮಾನವಿಡೀ ಬೈದ ಪಕ್ಷಕ್ಕೆ ಅವರ ಬೆರಳೇ ಒತ್ತಿತ್ತು.

ನನ್ನನ್ನು ಯಾಕೆ ಬೇಡವೆಂದೆ ಎಂದು ದಾರಿಯಲ್ಲಿ ಅಣ್ಣನನ್ನು ಕೇಳಿದೆ. “ನೀನು ನನ್ನ ಒಳ್ಳೇದಕ್ಕೆ ಅಂತ ಬೇರೇದು ಒತ್ತಿಬಿಡ್ತಿದ್ದೆ” ಎಂದ. ಒತ್ತುತ್ತಿದ್ದೆನೇ? ಆ ಪ್ರಶ್ನೆ ಈ ಸಭೆಗೆ ಬೇಡ.

ಅಣ್ಣ ಊಟಕ್ಕೆ ನಮ್ಮಲ್ಲಿಗೇ ಬಂದ. ಯಜಮಾನರು ಮೊದಲು ಬಚ್ಚಲಿಗೆ ಹೋಗಿ, ಆ ಬೆರಳಿಗೆ ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದರು. ಆಮೇಲೆ ಮೇಜಿಗೆ ಬಂದು, ಅಣ್ಣನ ಪಕ್ಕ ಕುಳಿತು, ಅದೇ ಕೈಯಿಂದ ಅವನಿಗೆ ಅನ್ನ ಕಲಸಿ ತಿನ್ನಿಸಿದರು.

ಈ ವಿಷಯದ ಬಗ್ಗೆ ನನಗೆ ತಿಳಿದಿರುವುದು ಇಷ್ಟೇ. ಕೇಳಿಸಿಕೊಂಡ ನಿಮಗೂ, ಸಮಯ ಮೀರಿದರೂ ಗಂಟೆ ಬಾರಿಸದ ಅಧ್ಯಕ್ಷರಿಗೂ ಕೃತಜ್ಞತೆಗಳು. ನಮಸ್ಕಾರ.